ಅಪ್ಪನ ಯೆಜ್ಡಿ

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಹುಟ್ಟಿದ ಅಪ್ಪನ ಯೆಜ್ಡಿ ಮಾತ್ರ ಕೇರಿಯ ನಮ್ಮ ಹಟ್ಟಿ ಮುಂದೆ ಉಳಿದಿತ್ತು. ಅಪ್ಪ ಹೋದಮೇಲೆ ನಾವು ಅಣ್ಣತಮ್ಮಂದಿರು ಅದರ ಕಾರ್ಬೊರೇಟರ್ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿಕೊಂಡು ಕೂತೆವು. ಹಳೇ ಪೆಟ್ರೋಲು ಒಣಗಿ ಜೆಟ್ಟಿನಲ್ಲಿ ಅಂಟು ಕಟ್ಟಿತ್ತು. ಹಿತ್ತಾಳೆ ಜೆಟ್ಟಿಗೆ ಉಕ್ಕಿನ ತಂತಿ ಹಾಕಬಾರದು. ತೂತು ದೊಡ್ಡದಾದರೆ ಗಾಡಿ ಪೆಟ್ರೋಲು ಕುಡಿಯುತ್ತದೆ. ವಯರಿನ ತಾಮ್ರದ ಎಳೆಯಲ್ಲಿ ಬಿಡಿಸಿ ಸೈಕಲ್ ಪಂಪಿನಿಂದ ಊದಿದೆವು.

ಗೌಡರ ಮನೆ ಮುಂದೆ ಅಪ್ಪ ದಿನಾ ಇಂಜಿನ್ ಆರಿಸಿ ಗಾಡಿ ತಳ್ಳುತ್ತಿದ್ದ. 'ಕಾರ್ಬೊರೇಟರ್ ಕಟ್ಕೊಂಡದೆ ಕನ್ರಲಾ' ಅನ್ನೋನು. ನಾವು ಹಿಂದಿನಿಂದ ದೂಡೋರು. ಬೇವಿನಮರ ದಾಟಿದರೆ ಒಂದೇ ಒದೆತಕ್ಕೆ ಶುರುವಾಗೋದು. ಅಂಥ ರೋಗ ಯಾವ ಕಾರ್ಬೊರೇಟರಿಗೂ ಇಲ್ಲ. ನಮಗದು ತಿಳಿಯೋಕೆ ಇಷ್ಟು ವರ್ಷ ಬೇಕಾಯಿತು.

ಸಂಜೆ ಜೋಡಿಸಿ, ಇಬ್ಬರೂ ಹತ್ತಿ ಹೊರಟೆವು. ಗೌಡರ ಜಗಲಿ ಎದುರಿಗೇ ಗಾಡಿ ನಿಂತುಹೋಯಿತು! ಜಗಲಿ ಮೇಲಿದ್ದವರು ತಿರುಗಿ ನೋಡಿದರು. ನಾವು ಇಳಿಯಲಿಲ್ಲ. ಸೋರುತ್ತದೇನೋ ಅಂತ ಮುಚ್ಚಿದ್ದ ಪೆಟ್ರೋಲ್ ಕಾಕ್ ತೆರೆಯೋದನ್ನೇ ಮರೆತಿದ್ದೆವು; ಕಾರ್ಬೊರೇಟರ್ ಬಟ್ಟಲಲ್ಲಿದ್ದಷ್ಟೂ ಉರಿದು ಮುಗಿದಿತ್ತು. ಕಾಕ್ ತಿರುಗಿಸಿ, ಗೇರಿನ ಲಿವರನ್ನೇ ಮೇಲೆತ್ತಿ (ಯೆಜ್ಡಿಗೆ ಗೇರೂ ಕಿಕ್ಕರೂ ಒಂದೇ) ಅಲ್ಲೇ ಒದ್ದೆವು. ಮೂರನೇ ಒದೆತಕ್ಕೆ ಹತ್ತಿಕೊಂಡಿತು.

ಜಗಲಿ ತುಂಬಾ ಹೊಗೆ.