ಸೈನ್ಯ ಮರಳಿ ಬರುವುದೆಂದರೆ

ಯುದ್ಧ ಬೇಡವೆಂದು ಹೇಳುವುದು ಸುಲಭ. ಪರನಾಡಿಗೆ ಹೋದ ಸೈನ್ಯವನ್ನು ಕರೆತರುವುದು ಹೇಗೆ, ಕರೆತಂದರೆ ಅಲ್ಲಿ ಉಳಿದವರ ಗತಿಯೇನು ಎಂಬುದು ಕಠಿಣ ಪ್ರಶ್ನೆ. ವಿಯೆಟ್ನಾಂ, ಅಫಘಾನಿಸ್ತಾನಗಳ ಮಾತು ಬಂದಾಗ ಇದು ದೂರದವರ ಚಿಂತೆ ಎನಿಸುತ್ತದೆ. ಆದರೆ ಇದು ನಮ್ಮ ದೇಶಕ್ಕೂ ಒಮ್ಮೆ ಎದುರಾಗಿತ್ತು, ಗಡಹಿಂಗ್ಲಜ ಸೀಮೆಯ ಓಣಿಗಳಿಗೂ ತಟ್ಟಿತ್ತು.

1987ರ ಜುಲೈ 29ರಂದು ಪ್ರಧಾನಿ ರಾಜೀವ ಗಾಂಧಿಯವರೂ ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆಯವರೂ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿಯ ಸರಕಾರಕ್ಕೂ ತಮಿಳು ಬಂಡುಕೋರರಿಗೂ ನಡೆದಿದ್ದ ಕಾಳಗವನ್ನು ನಿಲ್ಲಿಸಲೆಂದು ಭಾರತೀಯ ಶಾಂತಿಪಾಲನಾ ಪಡೆ ಸಮುದ್ರ ದಾಟಿತು. ಅಕ್ಟೋಬರ ತಿಂಗಳಲ್ಲಿ ಎಲ್‌ಟಿಟಿಇಯೊಡನೆ ಯುದ್ಧವೇ ಹತ್ತಿತು. ಶಾಂತಿ ಕಾಯಲು ಹೋದವರು ಕಾದಾಡಬೇಕಾಯಿತು.

ನಾವು ಆಗ ಪ್ರಾಥಮಿಕ ಶಾಲೆಯ ಮಕ್ಕಳು. ನಮ್ಮ ಸೀಮೆಯ ಹುಡುಗರು ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್ಫಂಟ್ರಿಯಲ್ಲಿ ಭರ್ತಿಯಾಗುವುದು ಹೊಸದಲ್ಲ. ನೆರೆಮನೆಯ ಅಣ್ಣನೊಬ್ಬ ಲಂಕೆಯಲ್ಲಿದ್ದ. ಮರಾಠಿ ಶಾಲೆಯಲ್ಲಿ ಕಲಿತ ಅವನು ಮರಾಠಿಯಲ್ಲಿ ಬರೆದ ಪತ್ರಗಳನ್ನು ನಾವು ಓದಿ, ಅವನ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆವು. ಊಟ, ಮಳೆ, ಮನಿಆರ್ಡರಿನ ಸಂಗತಿ ಎಷ್ಟೇ ಇರಲಿ, ಆಕೆ ಕೇಳುತ್ತಿದ್ದುದು ಒಂದೇ: “ಯಾವಾಗ ಬರ್ತೀನಂತ ಬರದಾನ?” ಅದನ್ನು ಬರೆಯಲು ಅವನಿಗೂ ಗೊತ್ತಿರಲಿಲ್ಲ.

ದೊಡ್ಡವರಾದ ಮೇಲೆ ಅದೇ ಕಾಲದ ಇನ್ನೊಬ್ಬ ತಾಯಿಯ ಕಥೆ ಓದಿದೆವು. ಲಂಕೆಯ ಬಟ್ಟಿಕಲೋವಾದಲ್ಲಿ ಅನ್ನೈ ಪೂಪತಿ ಎಂಬವರು, ಭಾರತೀಯ ಸೈನ್ಯ ಕಾಳಗ ನಿಲ್ಲಿಸಿ ಎಲ್‌ಟಿಟಿಇಯೊಡನೆ ಮಾತುಕತೆ ನಡೆಸಬೇಕೆಂದು 1988ರ ಮಾರ್ಚ್ 19ರಂದು ಉಪವಾಸ ಕುಳಿತರು. ಏಪ್ರಿಲ್ 19ರಂದು ಪ್ರಾಣಬಿಟ್ಟರು. ದಕ್ಷಿಣದಲ್ಲಿ ಸಿಂಹಳ ಯುವಕರ ಜೆವಿಪಿ ಸಂಘಟನೆಯೂ ಭಾರತದ ಸೈನ್ಯ ಬೇಡವೆಂದು ದಂಗೆ ಎದ್ದಿತ್ತು. 1989ರಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸರೇ, ಜುಲೈ ಮುಗಿಯುವುದರೊಳಗೆ ಸೈನ್ಯ ಹೋಗಬೇಕೆಂದರು.

ಆದರೆ ಆ ಸೈನ್ಯವನ್ನು ನಂಬಿ ನಿಂತವರೂ ಇದ್ದರು. 1988ರ ಚುನಾವಣೆಯ ನಂತರ ಉತ್ತರ-ಪೂರ್ವ ಪ್ರಾಂತದ ಮುಖ್ಯಮಂತ್ರಿಯಾದ ವರದರಾಜ ಪೆರುಮಾಳರೂ ಅವರ ಪಕ್ಷದವರೂ ಭಾರತದ ಭರವಸೆಯ ಮೇಲೆಯೇ ಮುಂದೆ ಬಂದಿದ್ದರು. ಅವರನ್ನು ಎಲ್‌ಟಿಟಿಇ ವೈರಿಗಳೆಂದು ಎಣಿಸಿತ್ತು.

ವಿ. ಪಿ. ಸಿಂಗರ ಸರಕಾರ ಬಂದ ಮೇಲೆ, 1990ರ ಮಾರ್ಚ್ 24ರಂದು ಕೊನೆಯ ತುಕಡಿ ಲಂಕೆ ಬಿಟ್ಟಿತು. ಸುಮಾರು 1,200 ಸೈನಿಕರು ಮರಳಲಿಲ್ಲ. ಮರಳಿದವರ ಸ್ವಾಗತಕ್ಕೆ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿಯವರು ಮದ್ರಾಸು ಬಂದರಿಗೆ ಹೋಗಲಿಲ್ಲ. ತಮಿಳರು ಸತ್ತ ನೋವು ಅದರ ಹಿಂದಿತ್ತು. ಇತ್ತ ಪೆರುಮಾಳರು ಭಾರತಕ್ಕೆ ಬಂದು ನೆಲೆಸಿದರು. ಅವರ ಪಕ್ಷದ ನಾಯಕ ಪದ್ಮನಾಭ ಅದೇ ಜೂನ್‌ನಲ್ಲಿ ಮದ್ರಾಸಿನಲ್ಲಿಯೇ ಕೊಲೆಯಾದರು. ಲಂಕೆಯಲ್ಲಿ ಯುದ್ಧ ಮತ್ತೆ ಹೊತ್ತಿ, 2009ರ ಮೇ ತಿಂಗಳವರೆಗೆ ಉರಿಯಿತು.

ಹಾಗಾದರೆ ಸೈನ್ಯ ಅಲ್ಲಿಯೇ ಇರಬೇಕಿತ್ತೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಆ ನಾಡಿನ ಸರಕಾರವೇ ಬೇಡವೆಂದ ಮೇಲೆ, ಜನರೂ ಮುನಿದ ಮೇಲೆ, ಬಂದೂಕು ಹಿಡಿದು ನಿಂತವನು ಯಾರಿಗೆ ಶಾಂತಿ ಕೊಟ್ಟಾನು? ಆದರೆ ಕರೆಸಿಕೊಂಡ ಮಾತ್ರಕ್ಕೆ ಋಣ ಹರಿಯುವುದಿಲ್ಲ. ನಂಬಿದವರ ರಕ್ಷಣೆಯ ಹೊಣೆ ಕರೆಸಿಕೊಂಡವರ ಮೇಲೂ ಕರೆಸಿರೆಂದು ಕೂಗಿದವರ ಮೇಲೂ ಉಳಿಯುತ್ತದೆ. ಹೊರಬರುವ ದಾರಿಯನ್ನು ಒಳಹೋಗುವ ಮೊದಲೇ ಯೋಚಿಸಬೇಕೆನ್ನುವುದು ಇದಕ್ಕೇ.

ಇನ್ನೊಂದು ಮಾತು. ಯುದ್ಧದ ಮೇಲಿನ ಸಿಟ್ಟನ್ನು ಸೈನಿಕನ ಮೇಲೆ ತೀರಿಸಬಾರದು. ಹೋಗು ಎಂದಾಗ ಹೋಗುವುದು, ಬಾ ಎಂದಾಗ ಬರುವುದು ಅವನ ಧರ್ಮ. ಆ ಪಡೆಯ ಮಡಿದವರಿಗಾಗಿ ಶ್ರೀಲಂಕೆಯೇ 2008ರಲ್ಲಿ ಕೊಲಂಬೋ ಬಳಿ ಸ್ಮಾರಕ ತೆರೆಯಿತೆಂಬುದನ್ನು ನೆನೆಯಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರು ಭರ್ತಿಯ ಕನಸು ಹೊತ್ತು ನಸುಕಿನಲ್ಲಿ ಓಡುತ್ತೀರಿ. ಓಡಿರಿ, ನಮಗೆ ಅಭಿಮಾನವಿದೆ. ಉಳಿದವರು ಮುಂದೆ ಮತದಾರರಾಗುತ್ತೀರಿ. ಸೈನ್ಯ ಹೊರಡುವ ಸುದ್ದಿ ಬಂದ ದಿನ ಜಯಘೋಷದ ಜತೆಗೆ, ಏಕೆ, ಎಲ್ಲಿಯವರೆಗೆ, ಆಮೇಲೇನು ಎಂದು ಕೇಳಿರಿ. ಓಡುವ ಗೆಳೆಯನಿಗೆ ನೀವು ಸಲ್ಲಿಸಬೇಕಾದ ಸೇವೆ ಅದು.