ಚುಕ್ಕಿಯಿಟ್ಟು ಬರೆದ ಊರು

ನಮ್ಮ ಕಡೆಯ ಊರುಗಳು ಯಾರನ್ನೂ ಕೇಳಿ ಹುಟ್ಟಿದವಲ್ಲ. ಒಂದು ಕೆರೆ ಇತ್ತು, ಏರಿಯ ಪಕ್ಕದಲ್ಲೊಂದು ಗುಡಿ ಎದ್ದಿತು, ವಾರಕ್ಕೊಮ್ಮೆ ಸಂತೆ ಕೂಡಿತು, ಸಂತೆಗೆ ಬಂದವರಲ್ಲಿ ನಾಲ್ಕು ಮಂದಿ ಅಲ್ಲೇ ಉಳಿದರು. ಬೀದಿಗಳು ತಮ್ಮ ಪಾಡಿಗೆ ತಾವು ಓರೆಕೋರೆಯಾಗಿ ಬೆಳೆದವು. ಇಂಥ ಊರಿನಲ್ಲೇ ಬೆಳೆದು, ಇಂಥ ಊರಿಗೇ ಸೊಸೆಯಾಗಿ ಬಂದ ನನಗೆ, ಮೊದಲು ಕಾಗದದ ಮೇಲೆ ಹುಟ್ಟಿ ಆಮೇಲೆ ನೆಲದ ಮೇಲೆ ಎದ್ದ ಊರೊಂದರಲ್ಲಿ ಮೂರು ತಿಂಗಳು ಇರುವ ಯೋಗ ಬಂತು. ಅದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ. ಮಗಳ ಬಾಣಂತನಕ್ಕೆಂದು 2019ರ ಮಾರ್ಚ್ ತಿಂಗಳಲ್ಲಿ ಹೋಗಿದ್ದೆ.

ಆ ಊರು ಹುಟ್ಟಿದ್ದೇ ವಾರಗಿತ್ತಿಯರ ಜಗಳದಿಂದ ಎಂದರೆ ನೀವು ನಗಬಹುದು. 1901ರಲ್ಲಿ ಆರು ವಸಾಹತುಗಳು ಕೂಡಿ ಒಂದು ದೇಶವಾದಾಗ, ಯಜಮಾನಿಕೆ ತನಗೇ ಬೇಕೆಂದು ಸಿಡ್ನಿಯೂ ಹಟ ಹಿಡಿಯಿತು, ಮೆಲ್ಬೋರ್ನೂ ಹಟ ಹಿಡಿಯಿತು. ಕೊನೆಗೆ ಸಂವಿಧಾನದಲ್ಲೇ ರಾಜಿ ಬರೆದರು. ರಾಜಧಾನಿ ಸಿಡ್ನಿ ಇರುವ ರಾಜ್ಯದಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾದರೂ ದೂರವಿರಲಿ. ಅದು ಸಿದ್ಧವಾಗುವ ತನಕ ಪಾರ್ಲಿಮೆಂಟು ಮೆಲ್ಬೋರ್ನಿನಲ್ಲಿ ಸೇರಲಿ. ಹುಡುಕಿ ಹುಡುಕಿ 1908ರಲ್ಲಿ ಗುಡ್ಡಗಳ ನಡುವೆ ಕುರಿ ಮೇಯುವ ಬಯಲೊಂದನ್ನು ಆರಿಸಿದರು. ಅದು ನುನ್ನವಾಲ್ ಎಂಬ ಮೂಲನಿವಾಸಿಗಳ ನೆಲ. ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

ಊರಿನ ನಕ್ಷೆಗಾಗಿ 1911ರಲ್ಲಿ ಜಗತ್ತಿಗೆಲ್ಲ ಸ್ಪರ್ಧೆ ಸಾರಿದರು. 137 ನಕ್ಷೆಗಳು ಬಂದವು. ಗೆದ್ದದ್ದು ಅಮೆರಿಕದ ಶಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್. ಇಷ್ಟನ್ನು ಯಾವ ಪುಸ್ತಕ ತೆರೆದರೂ ಓದಬಹುದು. ನನ್ನ ಮನಸ್ಸು ನಿಂತದ್ದು ಅವನ ಹೆಂಡತಿ ಮರಿಯನ್ ಮಹೋನಿಯ ಬಳಿ. 1894ರಲ್ಲೇ ವಾಸ್ತುಶಿಲ್ಪದಲ್ಲಿ ಪದವಿ ಪಡೆದ ಹೆಣ್ಣು ಆಕೆ. ಹೆಸರಾಂತ ಫ್ರ್ಯಾಂಕ್ ಲಾಯ್ಡ್ ರೈಟ್‌ನ ಕಚೇರಿಯಲ್ಲಿ ವರ್ಷಗಟ್ಟಲೆ ಚಿತ್ರ ಬರೆದವಳು. ಗಂಡ ನಾಳೆ ನಾಡಿದ್ದು ಎಂದು ಕೆಲಸ ಮುಂದೂಡುತ್ತಲೇ ಇದ್ದನಂತೆ. ಈಗ ಶುರುಮಾಡದಿದ್ದರೆ ತಾನು ಒಂದು ಗೆರೆಯನ್ನೂ ಎಳೆಯುವುದಿಲ್ಲವೆಂದು ಈಕೆ ಗದರಿದಳಂತೆ. ಹಾಗೆಂದು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾಳೆ. ಓದಿದಾಗ, ಶಿಕಾಗೋ ಆದರೇನು ಶಿವಮೊಗ್ಗ ಆದರೇನು ಎನಿಸಿತು. ಆಮೇಲೆ ಬಟ್ಟೆಯ ಮೇಲೆ ಬಣ್ಣದಲ್ಲಿ ಆಕೆ ಬರೆದ ದೊಡ್ಡ ದೊಡ್ಡ ಚಿತ್ರಗಳು ಈಗ ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ ಭದ್ರವಾಗಿವೆ. ಆಗಿನ್ನೂ ಗಂಡಹೆಂಡತಿ ಇಬ್ಬರೂ ಆ ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ.

ಮೌಂಟ್ ಐನ್ಸ್‌ಲಿ ಎಂಬ ಗುಡ್ಡದ ಮೇಲೆ ನಿಂತು ನೋಡಿದಾಗ ನನಗೆ ಆ ಊರಿನ ಗುಟ್ಟು ತಿಳಿಯಿತು. ನಾವು ರಂಗೋಲಿಗೆ ಮೊದಲು ಚುಕ್ಕಿ ಇಡುತ್ತೇವಲ್ಲ, ಹಾಗೆ ಅವರು ಗುಡ್ಡಗಳನ್ನೇ ಚುಕ್ಕಿ ಮಾಡಿಕೊಂಡಿದ್ದಾರೆ. ನಿಂತ ಗುಡ್ಡದಿಂದ ನೇರವಾಗಿ ಒಂದು ಗೆರೆ: ಬುಡದಲ್ಲಿ ಯುದ್ಧ ಸ್ಮಾರಕ, ಅಗಲವಾದ ಬೀದಿ, ಸರೋವರ, ಆಚೆ ದಡದಲ್ಲಿ ಹಳೆಯ ಪಾರ್ಲಿಮೆಂಟು, ಅದರ ಹಿಂದೆ ದಿಣ್ಣೆಯ ಮೇಲೆ ಹೊಸ ಪಾರ್ಲಿಮೆಂಟು. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಮನೆ ಕಟ್ಟಲು ಬಿಟ್ಟಿಲ್ಲ. ಹಾಗಾಗಿ ಎಲ್ಲಿ ನಿಂತರೂ ಬೀದಿಯ ಕೊನೆಗೆ ಕಾಡು ಕಾಣುತ್ತದೆ. ಸಂಜೆ ಕಾಂಗರೂಗಳು ಇಳಿದು ಬರುತ್ತವೆ. ಅದೇ ಕಾಡು 2003ರ ಜನವರಿ 18ರಂದು ಹೊತ್ತಿ ಉರಿದು ನಾಲ್ವರ ಜೀವವನ್ನೂ ಸುಮಾರು 500 ಮನೆಗಳನ್ನೂ ತೆಗೆದುಕೊಂಡಿತು ಎಂಬುದನ್ನು ಆ ಊರಿನವರು ಮರೆತಿಲ್ಲ.

ನಕ್ಷೆ ಬರೆದವರಿಗೆ ಊರು ಪೂರ್ತಿಯಾದದ್ದನ್ನು ನೋಡುವ ಭಾಗ್ಯವಿರಲಿಲ್ಲ. ಅಧಿಕಾರಿಗಳೊಡನೆ ಜಗಳವಾಡಿ ಬೇಸತ್ತು ಗ್ರಿಫಿನ್ 1920ರಲ್ಲೇ ಆ ಕೆಲಸ ಬಿಟ್ಟ. 1935ರಲ್ಲಿ ಕೆಲಸ ಅರಸಿ ಬಂದದ್ದು ನಮ್ಮ ಲಖನೌಗೆ. ಮರುವರ್ಷ ಮರಿಯನ್ ಕೂಡ ಬಂದು ಅವನ ಜೊತೆ ದುಡಿದಳು. 1937ರ ಫೆಬ್ರುವರಿಯಲ್ಲಿ ಆತ ಅಲ್ಲೇ ತೀರಿಕೊಂಡು ಅಲ್ಲಿನ ಮಣ್ಣಿಗೇ ಸೇರಿದ. ಅವನು ಬರೆದಿದ್ದ ಸರೋವರಕ್ಕೆ ನೀರು ತುಂಬಿದ್ದು 1964ರಲ್ಲಿ. ಅದಕ್ಕೆ ಅವನ ಹೆಸರಿಟ್ಟರು. ಮರಿಯನ್ 1961ರಲ್ಲಿ ಶಿಕಾಗೋದಲ್ಲಿ ಕಣ್ಣುಮುಚ್ಚಿದಳು. ನಾನು ನಿಂತು ನೋಡಿದ ಆ ಗುಡ್ಡದ ನೆತ್ತಿಗೆ ಆಕೆಯ ಹೆಸರು ಬಂದದ್ದು 2013ರಲ್ಲಿ, ಊರಿಗೆ ನೂರು ತುಂಬಿದಾಗ. ಗಂಡನ ಹೆಸರಿನ ಬೋರ್ಡಿನ ಹಿಂದೆ ಅಂಗಡಿ ನಡೆಸಿದ, ಹೊಲ ನೋಡಿಕೊಂಡ, ಲೆಕ್ಕ ಬರೆದ ಎಷ್ಟು ಹೆಂಗಸರನ್ನು ನಾವು ನೋಡಿಲ್ಲ!

ಮಗಳ ಮನೆ ಇದ್ದದ್ದು ಚಿಸಮ್ ಎಂಬ ಬಡಾವಣೆಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ದಿಕ್ಕಿಲ್ಲದೆ ಹಡಗಿಳಿದ ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟ ಕ್ಯಾರೊಲಿನ್ ಚಿಸಮ್ ಎಂಬಾಕೆಯ ಹೆಸರದು. ಅದಕ್ಕೂ ಮೊದಲು ಆಕೆ ಮದರಾಸಿನಲ್ಲಿ ಸಿಪಾಯಿಗಳ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ್ದಳು. ಅಲ್ಲಿನ ಬೀದಿಗಳಿಗೂ ಸಾಧಕಿಯರ ಹೆಸರುಗಳೇ. ಇನ್ನೊಂದು ವಿಶೇಷವೆಂದರೆ ಆ ಊರಿನಲ್ಲಿ ಮನೆಯ ಮುಂದೆ ಕಾಂಪೌಂಡು ಕಟ್ಟುವ ರೂಢಿಯಿಲ್ಲ. ಬೇಕಾದರೆ ಗಿಡದ ಬೇಲಿ ಬೆಳೆಸಿಕೊಳ್ಳಬೇಕು. 1930ರಿಂದ ದಶಕಗಳ ಕಾಲ ಹೊಸ ಮನೆಯವರಿಗೆ ಸರ್ಕಾರವೇ ಪುಕ್ಕಟೆಯಾಗಿ ಗಿಡಗಳನ್ನು ಕೊಡುತ್ತಿತ್ತಂತೆ. ನೆಲ ಮಾತ್ರ ಯಾರದೂ ಅಲ್ಲ, ಎಲ್ಲರಿಗೂ ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ಬೇಲಿ ಬಂದದ್ದು ಪಾರ್ಲಿಮೆಂಟಿಗೆ! 1988ರಲ್ಲಿ ಅದನ್ನು ಕಟ್ಟಿದಾಗ, ಆಳುವವರ ತಲೆಯ ಮೇಲೆ ಪ್ರಜೆಗಳು ಓಡಾಡಲೆಂದು ಮಾಡಿನ ಮೇಲೆ ಹುಲ್ಲು ಬೆಳೆಸಿದ್ದರು. ಮಕ್ಕಳು ಅದರ ಇಳಿಜಾರಿನಲ್ಲಿ ಉರುಳಾಡುತ್ತಿದ್ದರು. 2017ರಿಂದ ಈಚೆಗೆ ಭದ್ರತೆಯೆಂದು ಅಲ್ಲಿ ಬೇಲಿ ಎದ್ದಿತು.

ಇಷ್ಟೆಲ್ಲ ಚೆಂದವಿದ್ದರೂ ಮಗಳ ಮುಖದಲ್ಲಿ ಗೆಲುವಿರಲಿಲ್ಲ. ಅಳಿಯ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಕಾಲುದಾರಿಯಲ್ಲಿ ಮೈಲಿಗಟ್ಟಲೆ ನಡೆದರೂ ಒಂದು ನರಪಿಳ್ಳೆ ಕಾಣದು. ದಾರಿ ಇದೆ, ಮರ ಇದೆ, ಬೆಂಚು ಇದೆ, ಕೂರುವವರಿಲ್ಲ. ನಮ್ಮ ಬೀದಿಯಲ್ಲಾದರೆ ಕರಿಬೇವು ಕೇಳುವ ನೆಪದಲ್ಲಿ ನಾಲ್ಕು ಮಂದಿ ಬಂದು ಮಗುವಿನ ದೃಷ್ಟಿ ತೆಗೆದು ಹೋಗುತ್ತಿದ್ದರು. ಒಂದು ರಾತ್ರಿ ಅವಳು, "ಅಮ್ಮಾ, ಎಲ್ಲಾ ಬಿಟ್ಟು ನಿನ್ನ ಜೊತೆ ಬಂದುಬಿಡಲಾ?" ಅಂದಳು. ಆ ಮಾತು ನನ್ನ ಹೊಟ್ಟೆಯಲ್ಲಿ ಕಲಸಿತು. ಬಾ ಎನ್ನಲು ಬಾಯಿ ತವಕಿಸುತ್ತಿತ್ತು. ಎಂಟು ವರ್ಷ ಓದಿ, ದುಡಿದು ಅವಳು ಕಟ್ಟಿಕೊಂಡದ್ದನ್ನು ನೆನೆದು ಸುಮ್ಮನಾದೆ.

ಮರುದಿನ ಅಕ್ಕಿಹಿಟ್ಟು ತರಿಸಿ ಚಕ್ಕುಲಿ ಒತ್ತಿದೆವು. ಬಿಸಿಯಾರಿದ ಮೇಲೆ ಒಂದು ಡಬ್ಬಿ ತುಂಬಿಸಿ ಅವಳ ಕೈಯಲ್ಲಿ ಕೊಟ್ಟು, "ಬೇಲಿ ಹೇಗೂ ಇಲ್ಲವಲ್ಲ, ಪಕ್ಕದ ಮನೆಗೆ ನಡಿ" ಅಂದೆ. ಸಂಕೋಚಪಡುತ್ತಲೇ ಹೋದಳು. ಆ ಮನೆಯಲ್ಲಿದ್ದದ್ದು ಕೆಲಸದಿಂದ ನಿವೃತ್ತಳಾದ ಒಂಟಿ ಹೆಂಗಸು. ಎರಡು ವರ್ಷದಿಂದ ಇವರನ್ನು ನೋಡುತ್ತಲೇ ಇದ್ದಳಂತೆ, ತೊಂದರೆ ಕೊಡಬಾರದೆಂದು ಸುಮ್ಮನಿದ್ದಳಂತೆ! ವಾರ ಕಳೆಯುವುದರೊಳಗೆ ಆಕೆ ಮಗುವನ್ನು ಎತ್ತಿಕೊಂಡು ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದಳು. ಖಾರ ಹೆಚ್ಚಾಯಿತೆನ್ನುತ್ತಲೇ ಚಕ್ಕುಲಿ ಮೆಲ್ಲುತ್ತಿದ್ದಳು.

ಗುಡ್ಡದಿಂದ ಗುಡ್ಡಕ್ಕೆ ಗೆರೆ ಎಳೆಯಲು ಮರಿಯನ್ ಇದ್ದಳು. ಬಾಗಿಲಿಂದ ಬಾಗಿಲಿಗೆ ಎಳೆಯುವ ಗೆರೆ ಯಾವ ನಕ್ಷೆಯಲ್ಲೂ ಬರುವುದಿಲ್ಲ, ಅದು ಅಲ್ಲಿ ಬಾಳುವವರ ಕೆಲಸ. ಉಳಿಯುವುದೋ ಬರುವುದೋ ಮಗಳೇ ತೀರ್ಮಾನಿಸಲಿ ಎಂದುಕೊಂಡು ಜೂನ್ ತಿಂಗಳ ಕೊರೆಯುವ ಚಳಿಯಲ್ಲಿ ವಿಮಾನ ಹತ್ತಿದೆ. ಚಕ್ಕುಲಿ ಒರಳನ್ನು ಮಾತ್ರ ಅಲ್ಲೇ ಬಿಟ್ಟು ಬಂದೆ.