ಸುಟ್ಟ ಬಂಗುಡೆ, ಪುಳಿಮುಂಚಿ ಮತ್ತು ಒಂದು ಸ್ಟೀಲ್ ಡಬ್ಬಿ

ಮೊದಲು ಅಡುಗೆ ಹೇಳ್ತೇನೆ, ಜಗಳ ಆಮೇಲೆ.

ನಿನ್ನೆ ಆದಿತ್ಯವಾರ. ಬೆಳಗ್ಗೆ ಬೇಗ ಎದ್ದು ಬಂದರು ದಕ್ಕೆಗೆ ಹೋಗಿ ಬಂಗುಡೆ ತಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಒಣಮೀನಿನ ಚಟ್ನಿಯಲ್ಲೇ ದಿನ ದೂಡಿದವರಿಗೆ ಮಾತ್ರ ಹಸಿ ಬಂಗುಡೆಯ ಹೊಳಪು ಎಂಥದ್ದು ಅಂತ ಗೊತ್ತು.

ಹೊಟ್ಟೆ, ಕಿವಿರು ತೆಗೆದು, ಎರಡೂ ಬದಿ ಮೂರು ಮೂರು ಗೀರು ಹಾಕಿ, ಉಪ್ಪು, ಅರಶಿನ, ಕಾಳುಮೆಣಸಿನ ಪುಡಿ ಹಚ್ಚಿ ಇಟ್ಟೆ. ಅಂಗಳದಲ್ಲಿ ಮೂರು ಕಲ್ಲು, ತೆಂಗಿನ ಗೆರಟೆಯ ಕೆಂಡ, ಮೇಲೊಂದು ಕಬ್ಬಿಣದ ಜಾಲರಿ. ಬೆಂಕಿ ಉರಿಯುವಾಗ ಮೀನು ಇಡಬಾರದು, ಕರಟಿ ಹೋಗ್ತದೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತ ಮೇಲೆ ಇಡಬೇಕು. ಎಣ್ಣೆ ಬೇಡ, ಮೀನಿನ ಕೊಬ್ಬೇ ಸಾಕು.

ಪುಳಿಮುಂಚಿ ಅಮ್ಮನ ಇಲಾಖೆ. ತುಳುವಿನಲ್ಲಿ ಪುಳಿ ಅಂದ್ರೆ ಹುಳಿ, ಮುಂಚಿ ಅಂದ್ರೆ ಮೆಣಸು. ಒಣಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು, ಹುಳಿ, ಬೆಳ್ಳುಳ್ಳಿ, ಚಿಟಿಕೆ ಓಮ ಸೇರಿಸಿ ನುಣ್ಣಗೆ ಕಡೆಯುವುದು. ತೆಂಗಿನಕಾಯಿ ಇಲ್ಲ. ಜಜ್ಜಿದ ಶುಂಠಿ ಹಾಕಿ, ಹಸಿ ವಾಸನೆ ಹೋಗಿ ಗಟ್ಟಿ ಆಗುವವರೆಗೆ ಕುದಿಸಿ ಸುಟ್ಟ ಮೀನಿನ ಮೇಲೆ ಸುರಿದರೆ ಆಯ್ತು. ಜೊತೆಗೆ ಕುಚ್ಚಲಕ್ಕಿ ಗಂಜಿ.

ಈಗ ದೊಡ್ಡ ಹೋಟೆಲಿನಲ್ಲಿ ಇದಕ್ಕೆ ‘ಗ್ರಿಲ್ಡ್ ಫಿಶ್’ ಅಂತ ಹೆಸರು, ಬಿಲ್ಲು ನೋಡಿದರೆ ಕಣ್ಣಲ್ಲಿ ನೀರು. ನಮ್ಮ ಮನೆಯಲ್ಲಿ ಮೀನು ಸುಡುತ್ತಿದ್ದದ್ದು ಶೋಕಿಗಲ್ಲ ಮಾರಾಯ್ರೆ, ಎಣ್ಣೆ ಇರಲಿಲ್ಲ. ಕೂಲಿ ಮುಗಿಸಿ ಅಮ್ಮ ಸಂಜೆ ಮಾರ್ಕೆಟಿಗೆ ಹೋಗುತ್ತಿದ್ದರು. ಆ ಹೊತ್ತಿಗೆ ಉಳಿದ ಬೂತಾಯಿಗೆ ರೇಟು ಇಳಿದಿರುತ್ತಿತ್ತು.

ಈಗ ಜಗಳಕ್ಕೆ ಬರ್ತೇನೆ.

ಕೆಲವು ವರ್ಷಗಳ ಹಿಂದೆ ಇದೇ ನಗರದಲ್ಲಿ ಬಾಡಿಗೆ ಮನೆ ಹುಡುಕಿದೆವು. ಒಬ್ಬ ಓನರ್ ಬಹಳ ಒಳ್ಳೆಯ ಮನುಷ್ಯ ಅನ್ನಿಸಿತು. “ಮೀನು ಮಾಡ್ತೇವೆ, ತೊಂದರೆ ಇಲ್ವಾ?” ಅಂತ ನಾನೇ ಕೇಳಿದೆ. ನಕ್ಕುಬಿಟ್ಟರು. “ಎಂತ ಕೇಳ್ತೀರಿ? ಮೀನಿಲ್ಲದೆ ನಮಗೂ ಊಟ ಸೇರುದಿಲ್ಲ!”

ನಿಜವೇ. ಮಂಗಳೂರಿನಲ್ಲಿ ಮೊಗವೀರರು, ಬಿಲ್ಲವರು, ಬಂಟರು, ಬ್ಯಾರಿಗಳು, ಕ್ರೈಸ್ತರು, ಕೊಂಕಣಿಗರಲ್ಲೂ ಹಲವರು ಮೀನು ತಿನ್ನುವವರೇ.

ಎರಡನೇ ವಾರ ಅಮ್ಮ ಮೀನು ಸುಟ್ಟು, ಪುಳಿಮುಂಚಿ ಹಾಕಿ, ಬಾಳೆಲೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ಓನರ್ ಮನೆಗೆ ಕಳಿಸಿದರು. ಅವರ ಹೆಂಡತಿ ಖುಷಿಯಿಂದಲೇ ತೆಗೆದುಕೊಂಡರು. ಅಂದೇ ಸಂಜೆ ಓನರ್ ಮೆಟ್ಟಿಲ ಹತ್ತಿರ ಸಿಕ್ಕಿ, “ನಿಮ್ಮದು ಮೂಲ ಯಾವ ಕಡೆ? ನೀವು ಯಾವ ಪೈಕಿ?” ಅಂತ ಕೇಳಿದರು. ನಾನು ಸುಳ್ಳು ಹೇಳುವ ಜಾಯಮಾನದವನಲ್ಲ. ಹೇಳಿದೆ.

ಮರುದಿನ ಡಬ್ಬಿ ತೊಳೆದು ನಮ್ಮ ಬಾಗಿಲ ಹೊರಗೆ ಇಟ್ಟಿದ್ದರು. ಬಾಳೆಲೆ ಸಮೇತ ಬಂಗುಡೆ ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿತ್ತು. ಬೆಕ್ಕೊಂದು ಕೂತು ತಿನ್ನುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿ, “ಬೆಕ್ಕಿಗಾದರೂ ರುಚಿ ಗೊತ್ತಾಯ್ತಲ್ಲ” ಅಂದು ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ.

ತಿಂಗಳೊಳಗೆ ನಮ್ಮ ಮೀನಿಗೆ ವಾಸನೆ ಬರಲು ಶುರುವಾಯ್ತು. ಹೊಗೆ ಅಂದರು, ಮಕ್ಕಳಿಗೆ ಕೆಮ್ಮು ಅಂದರು, ಕೊನೆಗೆ ಮನೆ ಬಿಡಿ ಅಂದರು. ಅವರ ಅಡುಗೆಮನೆಯಿಂದ ದಿನಾ ಬರುತ್ತಿದ್ದ ಮೀನು ಸಾರಿನ ಪರಿಮಳಕ್ಕೆ ಮಾತ್ರ ಏನೂ ಆಗಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲು ಮಾಂಸಾಹಾರವನ್ನು ಮದ್ಯ, ತಂಬಾಕಿನ ಜೊತೆ ಒಂದೇ ಸಾಲಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದಾಗ ಬಾಡೂಟದ ಹೋರಾಟ ನಡೆಯಿತು. ನಾನೂ ಅದರ ಪರ. ಆದರೆ ಎಲ್ಲರೂ ಮೀನು ತಿಂದ ಕೂಡಲೇ ಜಾತಿ ಹೋಗ್ತದೆ ಅಂತ ನಂಬುವ ಗೆಳೆಯರು ಒಮ್ಮೆ ಮಂಗಳೂರಿನಲ್ಲಿ ಮನೆ ಹುಡುಕಿ ನೋಡಲಿ. ಇಲ್ಲಿ ಮೀನು ಒಂದೇ, ಮಸಾಲೆ ಒಂದೇ. ಕೈ ಯಾರದು ಅನ್ನುವುದೇ ಪ್ರಶ್ನೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದದ್ದು ಬಾಯಾರಿಕೆಗಲ್ಲ. ಕೆರೆಯ ನೀರು ಎಲ್ಲರಿಗೂ ಅದೇ ಆಗಿತ್ತು, ಬೇಡವಾಗಿದ್ದದ್ದು ನಮ್ಮ ಕೈ. ನಮ್ಮದೇ ಕರಾವಳಿಯಲ್ಲಿ ಕೊರಗ ಬಂಧುಗಳಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯ್ತು. ಅವರು ಕೊಟ್ಟ ಹೊಲಸನ್ನು ನಾವು ತಿನ್ನಬೇಕು, ನಾವು ಪ್ರೀತಿಯಿಂದ ಕೊಟ್ಟದ್ದನ್ನು ಬೆಕ್ಕು ತಿನ್ನಬೇಕು.

ಈಗ ನಮ್ಮದೇ ಪುಟ್ಟ ಮನೆ ಉಂಟು. ಅಮ್ಮ ಬಹಳ ಕಾಲ ಕಿಟಕಿ ಮುಚ್ಚಿಯೇ ಮೀನು ಮಾಡುತ್ತಿದ್ದರು. ಅಭ್ಯಾಸ ಬಿಡಿಸಲು ವರ್ಷ ಹಿಡಿಯಿತು. ನಿನ್ನೆ ಅಂಗಳದಲ್ಲಿ ಹೊಗೆ ಎದ್ದಾಗ ಅವರೇ ಬೀಸಣಿಗೆ ಬೀಸುತ್ತಾ ಕೂತಿದ್ದರು. ಪಕ್ಕದ ಮನೆಯ ಸಣ್ಣ ಹುಡುಗಿ ಗೇಟು ತೆಗೆದು ಬಂದು, “ಅಜ್ಜಿ, ನಂಗೂ” ಅಂದಳು. ಅಮ್ಮ ಮುಳ್ಳು ಬಿಡಿಸಿ ಬಾಯಿಗೇ ಇಟ್ಟರು. ಅವಳ ಅಮ್ಮ ಗೇಟಿನ ಆಚೆ ನಿಂತು, “ಖಾರ ಕಡಿಮೆ ಹಾಕಿ ಆಂಟಿ” ಅಂದರು, ಅಷ್ಟೇ.

ಮುಂದಿನ ಆದಿತ್ಯವಾರವೂ ಕೆಂಡ ಹಾಕ್ತೇವೆ. ಬನ್ನಿ. ಆದರೆ ಒಂದು ಷರತ್ತು. ಡಬ್ಬಿಯಲ್ಲಿ ಕಟ್ಟಿ ಕೊಡುವುದಿಲ್ಲ. ಇಲ್ಲೇ ಕೂತು, ಅಮ್ಮ ಬಡಿಸಿದ್ದನ್ನು, ಅವರ ಎದುರೇ ತಿನ್ನಬೇಕು.

ಜೈ ಭೀಮ್.